ಸಾರಿನ ಪುಡಿಗೆ ಲಾಯಲ್ಟಿ ಪಾಯಿಂಟ್ಸ್

ಶಾಮಲಾ: ಪಾಯಿಂಟ್ಸ್ ಹಾಕಿದ್ರೆ ಸಾರು ಕುದಿಯುತ್ತೇನ್ರೀ?

ಹಯಗ್ರೀವ: ಸಾರಿನ ಪ್ರಶ್ನೆ ಅಲ್ಲ ಶಾಮಲಾ, ಬ್ರ್ಯಾಂಡ್ ಪ್ರಶ್ನೆ. ಕಸ್ಟಮರ್‌ನ ಎಮೋಷನಲ್ ಆಗಿ ಎಂಗೇಜ್ ಮಾಡ್ಬೇಕು.

ಶಾಮಲಾ: ಮಾಡಿದ್ರಲ್ಲ. ಮೂವತ್ತು ಮನೆ ಇದ್ದಿದ್ದು ನಾಲ್ಕಾಯ್ತು. ಇನ್ನೊಂದು ತಿಂಗಳು ಎಂಗೇಜ್ ಮಾಡಿ, ನಾವಿಬ್ರೇ ಉಳೀತೀವಿ.

ಕಡಲಾಚೆಯ ಪುಂಗೋಲ್ ಬಡಾವಣೆಯ ಒಂಬತ್ತನೇ ಮಹಡಿಯ ಆ ಮನೆಯಲ್ಲಿ ಶನಿವಾರ ಬೆಳಗ್ಗೆ ಒಗ್ಗರಣೆಗಿಂತ ಮೊದಲು ಸಿಡಿದದ್ದು ಈ ಜಗಳ. ಮಾಲ್‌ಗಳಿಗೆ ಲಾಯಲ್ಟಿ ಕಾರ್ಡ್ ಮಾಡಿಕೊಡುವುದೇ ಹಯಗ್ರೀವನ ಉದ್ಯೋಗ. ಒಮ್ಮೆ ಬಂದ ಗಿರಾಕಿ ಮತ್ತೆ ಮತ್ತೆ ಬರಬೇಕು, ಅದಕ್ಕೆ ಏನೇನು ಮಾಡಬೇಕೋ ಎಲ್ಲ ಅವನಿಗೆ ಗೊತ್ತು. ಅವನದೇ ಪರ್ಸಿನಲ್ಲಿ ಹದಿನೇಳು ಕಾರ್ಡುಗಳಿದ್ದವು. ಅವುಗಳಲ್ಲಿ ಒಂದರ ಅಂಗಡಿಗೂ ಅವನು ಎರಡನೇ ಸಲ ಹೋಗಿರಲಿಲ್ಲ ಎಂಬುದು ಬೇರೆ ಮಾತು. ಇಂಥ ಪಂಡಿತ ಮನೆಯಲ್ಲಿರುವಾಗ ಹೆಂಡತಿ ನಾಲ್ಕು ವರ್ಷದಿಂದ ಸ್ಟೀಲ್ ಡಬ್ಬಿಗಳಲ್ಲಿ ಸಾರಿನ ಪುಡಿ ಮಾರುವುದೆಂದರೇನು?

ಎರಡು ತಿಂಗಳ ಹಿಂದೆ ಮಹಾಶಯ ಡಬ್ಬಿಗಳನ್ನು ಕಪಾಟಿನ ಮೇಲಕ್ಕೇರಿಸಿದ. ಜಿಪ್ ಇರುವ ಪ್ಯಾಕೆಟ್ ತರಿಸಿದ, ಲೇಬಲ್ ಅಂಟಿಸಿದ, ಕೊರಿಯರ್ ಗೊತ್ತುಮಾಡಿದ, ಪ್ಯಾಕೆಟ್ಟಿಗೆ ಹತ್ತು ಪಾಯಿಂಟಿನಂತೆ ಎಲ್ಲರ ಫೋನಿಗೂ ಹಂಚಿದ. ಗಿರಾಕಿಗಳು ಒಬ್ಬೊಬ್ಬರಾಗಿ ಕಾಣೆಯಾಗತೊಡಗಿದಾಗ ಸರ್ವೆಯನ್ನೂ ಕಳಿಸಿದ. ಐದಕ್ಕೆ ಐದು ಸ್ಟಾರ್ ಕೊಟ್ಟು ಕಾಣೆಯಾದರು.

ಶಾಮಲಾ: ಈ ಊರಲ್ಲಿ ನಂದು ಅಂತ ಇದ್ದಿದ್ದು ಅದೊಂದೇ ರೀ. ಹಯಗ್ರೀವನ ಹೆಂಡ್ತಿ ಅಂತ ಯಾರೂ ಕರೀತಿರ್ಲಿಲ್ಲ, ಸಾರಿನಪುಡಿ ಶಾಮಲಾ ಅಂತಿದ್ರು.

ಅಷ್ಟರಲ್ಲಿ ಬೆಲ್ ಆಯಿತು. ಬಾಗಿಲಲ್ಲಿ ಜಯಾ. ಶಾಮಲಾಳ ಮೊಟ್ಟಮೊದಲ ಗಿರಾಕಿ, ಮನೆ ಬುಕಿತ್ ಪಂಜಾಂಗಿನಲ್ಲಿ, ಅಂದರೆ ಊರಿನ ಇನ್ನೊಂದು ತುದಿ. ಹಯಗ್ರೀವನ ಮುಖ ಅರಳಿತು.

ಹಯಗ್ರೀವ: ಬನ್ನಿ ಬನ್ನಿ, ಪಾಯಿಂಟ್ಸ್ ರಿಡೀಮ್ ಮಾಡೋಕ್ ಬಂದ್ರಾ?

ಜಯಾ: ಇಲ್ಲ ಸಾರ್. ನಿಮ್ದೊಂದು ಡಬ್ಬಿ ನಮ್ಮನೇಲೇ ಉಳ್ಕೊಂಡಿತ್ತು. ಕೊಟ್ಟುಹೋಗೋಣ ಅಂತ.

ಡಬ್ಬಿಯ ತುಂಬ ಕೊಬ್ಬರಿ ಮಿಠಾಯಿ. ಇನ್ನೊಬ್ಬರ ಡಬ್ಬಿಯನ್ನು ಖಾಲಿ ಹಿಂದಿರುಗಿಸುವುದು ನಮ್ಮ ಹೆಂಗಸರಿಂದ ಆಗದ ಕೆಲಸ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಬೀಳಬೇಕು. ಜಯಾ ಕೂತು ನಿಧಾನವಾಗಿ ವಿವರಿಸಿದಳು. ಪುಡಿ ಮುಗಿದರೆ ಡಬ್ಬಿ ಕೊಡಬೇಕಿತ್ತು, ಕೊಡಲು ಏನಾದರೂ ಮಾಡಬೇಕಿತ್ತು, ಮಾಡಿದ್ದನ್ನು ಹಿಡಿದು ಬಂದರೆ ಕಾಫಿ, ಕಾಫಿಯ ಜೊತೆ ಎರಡು ಗಂಟೆ ಮಾತು, ಹೊರಡುವಾಗ ಇನ್ನೊಂದು ಡಬ್ಬಿ. ಈಗ ಪ್ಯಾಕೆಟ್ ತಾನಾಗಿ ಬರುತ್ತದೆ, ಮುಗಿದರೆ ಕಸಕ್ಕೆ ಹೋಗುತ್ತದೆ.

ಹಯಗ್ರೀವ: ಕನ್ವೀನಿಯೆಂಟ್ ಅಲ್ವಾ ಮತ್ತೆ?

ಜಯಾ: ತುಂಬಾ. ಅಷ್ಟೇ ಕನ್ವೀನಿಯೆಂಟ್ ಪ್ಯಾಕೆಟ್ ನಮ್ಮ ಬ್ಲಾಕ್ ಕೆಳಗಿನ ಅಂಗಡೀಲೂ ಇದೆ ಸಾರ್. ಈಗ ಅಲ್ಲೇ ತಗೋತೀನಿ. ಡಬ್ಬೀನೂ ಕೊಟ್ಟಾಯ್ತಲ್ಲ, ಇನ್ನೇನೂ ಉಳಿದಿಲ್ಲ.

ಹಯಗ್ರೀವ ಹತ್ತು ಪಾಯಿಂಟ್ ಬೋನಸ್ ಕೊಡುವುದಾಗಿ ಹೇಳಿದ. ಜಯಾ ಪಾಪ, ನಗದೆ ಥ್ಯಾಂಕ್ಸ್ ಅಂದಳು. ಶಾಮಲಾ ಡಬ್ಬಿ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಮಿಠಾಯಿಯನ್ನು ತಟ್ಟೆಗೆ ಸುರಿದು, ಡಬ್ಬಿ ಒರೆಸಿ, ಬೆಳಗ್ಗೆ ತಾನೇ ಹುರಿದು ಪುಡಿಮಾಡಿದ್ದನ್ನು ಕಂಠಮಟ್ಟ ತುಂಬಿ ತಂದು ಜಯಾಳ ಮಡಿಲಲ್ಲಿಟ್ಟಳು.

ಜಯಾ: ಅಯ್ಯೋ, ಇದ್ಯಾಕೆ? ದುಡ್ಡು...

ಶಾಮಲಾ: ದುಡ್ಡು ಬೇಡ. ನೀವು ಇಷ್ಟು ಮಿಠಾಯಿ ತಂದಿದೀರ, ಬರಿಗೈಲಿ ಹೇಗೆ ಕಳಿಸ್ಲಿ? ಡಬ್ಬಿಗೇನೂ ಅರ್ಜೆಂಟಿಲ್ಲ, ನಿಧಾನಕ್ಕೆ ಕೊಡಿ.

ಜಯಾ ಡಬ್ಬಿಯನ್ನೊಮ್ಮೆ, ಶಾಮಲಾಳನ್ನೊಮ್ಮೆ ನೋಡಿದಳು. ಸಿಕ್ಕಿಬಿದ್ದೆನೆಂದು ಅವಳಿಗೆ ಗೊತ್ತಾಯಿತು, ಖುಷಿಯೂ ಆಯಿತು. ಮುಂದಿನ ಶನಿವಾರ ಚಕ್ಕುಲಿ ಮಾಡಿಕೊಂಡು ಬರುತ್ತೇನೆ, ನಮ್ಮ ಪಕ್ಕದ ಬ್ಲಾಕಿನ ಅನಘಾಳನ್ನೂ ಕರೆತರುತ್ತೇನೆ ಎಂದು ಹೇಳಿ ಹೊರಟಳು.

ಬಾಗಿಲು ಮುಚ್ಚಿತು. ಹಯಗ್ರೀವ ತಾನೇ ಸ್ಟೂಲ್ ಹತ್ತಿ ಕಪಾಟಿನ ಮೇಲಿನ ಡಬ್ಬಿಗಳನ್ನು ಇಳಿಸತೊಡಗಿದ. ಅರ್ಧ ಇಳಿಸಿದ ಮೇಲೆ ಅವನ ವಿದ್ಯೆ ಮತ್ತೆ ಜಾಗೃತವಾಯಿತು.

ಹಯಗ್ರೀವ: ಸೋಮವಾರ ಆಫೀಸಲ್ಲಿ ಈ ಡಬ್ಬಿ ಐಡಿಯಾನೇ ಪ್ರೆಸೆಂಟ್ ಮಾಡ್ಲಾ ಅಂತ.

ಶಾಮಲಾ: ಮಾಡಿ. ನಿಮ್ಮ ಬಾಸ್ ಪದ್ಮನಾಭ್ ಮೈಸೂರಿನವ್ರೇ ಅಲ್ವಾ, ಅವ್ರಿಗೂ ಒಂದು ಡಬ್ಬಿ ಪುಡಿ ತಗೊಂಡ್ಹೋಗಿ. ಅವ್ರ ಮನೆಯವ್ರು ಅದನ್ನ ತುಂಬಿಸಿ ವಾಪಸ್ ಕೊಡೋವರೆಗಾದ್ರೂ ನಿಮ್ಮನ್ನ ಕೆಲಸದಿಂದ ತೆಗೆಯಲ್ಲ.