ಹೊಟ್ಟಿನ ಗುಡ್ಡೆಯಲ್ಲಿ ಮುನೇಶ್ವರ

ಕೋಲಾರಮ್ಮನಾಣೆ, ಇಲ್ಲಿ ಬರೆದಿರೋದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇಂಥವನ್ನು ನಾನೇನೂ ಹುಡುಕಿಕೊಂಡು ಹೋಗುವುದಿಲ್ಲ. ಅವೇ ನನ್ನ ವಿಳಾಸ ಕೇಳಿಕೊಂಡು ಬರುತ್ತವೆ.

ಶ್ರೀನಿವಾಸಪುರದ ಹತ್ತಿರ ಮಾವಿನಹಣ್ಣಿನ ತಿರುಳು ತೆಗೆಯೋ ಫ್ಯಾಕ್ಟರಿಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವವನು ನಾನು. ಬಾಯ್ಲರ್ ಅಂದರೆ ಗಾಬರಿ ಬೇಡ, ಇಡ್ಲಿ ಪಾತ್ರೆಯ ದೊಡ್ಡಪ್ಪ ಅಷ್ಟೆ. ಕೆಳಗೆ ಬೆಂಕಿ, ಒಳಗೆ ನೀರು, ಹಬೆ ಪೈಪಿನಲ್ಲಿ ಹೋಗಿ ತಿರುಳು ಬೇಯಿಸುತ್ತದೆ. ಒಂದೇ ವ್ಯತ್ಯಾಸ. ಇಡ್ಲಿ ಪಾತ್ರೆ ಸಿಡಿದರೆ ಇಡ್ಲಿ ಹೋಗುತ್ತದೆ. ಇದು ಸಿಡಿದರೆ ಫ್ಯಾಕ್ಟರಿ ಮುಳಬಾಗಿಲಲ್ಲಿ ಬೀಳುತ್ತದೆ, ನಾನು ಮಾಲೂರಲ್ಲಿ. ಆದರೂ ಇಷ್ಟು ವರ್ಷದ ಸರ್ವೀಸಿನಲ್ಲಿ ನಾನು ಹೆದರಿದ್ದು ಅಂತ ಇಲ್ಲವೇ ಇಲ್ಲ. ಕೈಕಾಲು ನಡುಗುತ್ತವೆ, ಬಾಯಿ ಒಣಗುತ್ತದೆ. ಅದು ಬೇರೆ ವಿಷಯ.

೧. ನನ್ನ ನಾಲಿಗೆ

ಆ ಸಲ ಸೀಸನ್ನಿನ ಶುರುವಿಗೇ ಕಲ್ಲಿದ್ದಲಿನ ಲಾರಿ ಕೈಕೊಟ್ಟಿತು. ಸಾಹುಕಾರರು ಎಲ್ಲರನ್ನೂ ಕರೆದು, “ಇದ್ದಲು ನಂಬ್ಕೊಂಡ್ರೆ ಹಣ್ಣು ಕೊಳೆಯುತ್ತೆ, ಏನ್ರಯ್ಯ ಮಾಡೋದು?” ಅಂದರು. ಎಲ್ಲರೂ ನೆಲ ನೋಡುತ್ತಿದ್ದರು. ನನ್ನ ಬಾಯಿ ತಾನೇ ತೆರೆದುಕೊಂಡಿತು.

“ಇದ್ದಲು ಯಾಕ್ ಸಾರ್? ಮಾಲೂರಿನ ಸಾ ಮಿಲ್ಲುಗಳಲ್ಲಿ ಮರದ ಹೊಟ್ಟು ಗುಡ್ಡೆಗುಡ್ಡೆ ಬಿದ್ದಿದೆ. ಮುಳಬಾಗಿಲ ಕಡೆ ನೀಲಗಿರಿ ತೊಗಟೆ ಸುಮ್ನೆ ಒಣಗ್ತಿದೆ. ನಮ್ಮೂರಲ್ಲೇ ಹಣ್ಣಿನ ಪೆಟ್ಟಿಗೆ ಹೊಡೆಯೋರ ಹತ್ರ ಹಲಗೆ ಚೂರಿದೆ. ಅಷ್ಟು ಕೊಡ್ಸಿ ಸಾಕು, ಕುರುಡುಮಲೆ ಗಣಪತಿಗೆ ಇಲ್ಲಿಂದಲೇ ಕಡುಬು ಬೇಯಿಸ್ತೀನಿ!”

ಸಾಹುಕಾರರು ನನ್ನ ಭುಜ ತಟ್ಟಿದರು. “ಸರಿ ಮೇಸ್ತ್ರಿ, ಈ ಸೀಸನ್ ನಿಮ್ಮದೇ. ಹಬೆ ಒಂದೇ ಒಂದು ಸಲ ನಿಂತ್ರೂ ಇದ್ದಲು ವಾಪಸ್ ಬರುತ್ತೆ, ನೀವು ವಾಪಸ್ ಮನೆಗೆ ಹೋಗ್ತೀರಿ.”

ಆವತ್ತಿನಿಂದ ಬಾಯ್ಲರಿನಲ್ಲಿ ಹಬೆಯ ಒತ್ತಡ ತೋರಿಸೋ ಮುಳ್ಳು ಏರಿದರೆ ಸಿಡಿಯುವ ಭಯ, ಇಳಿದರೆ ಕೆಲಸದ ಭಯ. ಎರಡೂ ಇಲ್ಲದೆ ನೆಟ್ಟಗೆ ನಿಂತರೆ, ಮುಳ್ಳೇ ಕೆಟ್ಟಿದೆಯೇನೋ ಅಂತ ಭಯ. ಭಯ ನನಗಲ್ಲ, ಕೈಕಾಲಿಗೆ.

೨. ಸಗಂ ಉಂದಿ

ಇದ್ದಲಾದರೆ ಒಂದು ಸಲಿಕೆ ಎಸೆದು ಬಾಗಿಲು ಮುಚ್ಚಿದರೆ ಮುಗಿಯಿತು. ನುಣ್ಣನೆಯ ಒಣ ಹೊಟ್ಟನ್ನೂ ನಾನು ಹಾಗೇ ಎಸೆದೆ. ಅದು ಒಲೆಯಲ್ಲಿ ಬೀಳಲೇ ಇಲ್ಲ. ಗಾಳಿಯಲ್ಲೇ ಹೊತ್ತಿಕೊಂಡು ಭುಸ್ ಅಂತ ಬಾಗಿಲಿಂದಾಚೆ ಬಂದು ನನ್ನ ಮುಖ ನೋಡಿಕೊಂಡು ಹೋಯಿತು.

ನನ್ನ ಜೊತೆ ಒಲೆಗೆ ಹಾಕೋ ಫೈರ್‌ಮನ್ ದೇವರಾಯಸಮುದ್ರದವನು. ಗಾಬರಿಯಾದರೆ ಅವನಿಗೆ ತೆಲುಗೇ ಬರೋದು. ನಾನು ಮೂತಿ ತಡವಿಕೊಳ್ಳುತ್ತಾ, “ಲೇ, ಮೀಸೆ ಇದೆಯೇನ್ಲಾ?” ಅಂದೆ. ನೋಡಿದ. ಆಮೇಲೆ ಸಮಾಧಾನವಾಗಿ, “ಸಗಂ ಉಂದನ್ನಾ” ಅಂದ. ಅರ್ಧ ಇದೆ ಅಂತ.

ಮಾರನೇ ದಿನ ಹೆಂಡತಿ ಮನೆಯಲ್ಲೇ ಮಾಡಿದ ಕಾಡಿಗೆಯಲ್ಲಿ ಉಳಿದರ್ಧ ಬರೆದು ಕಳಿಸಿದಳು. ಬಾಯ್ಲರಿನ ಮುಂದೆ ನಿಂತ ಹತ್ತು ನಿಮಿಷಕ್ಕೆ ಅದು ಗಲ್ಲದವರೆಗೂ ಇಳಿಯಿತು. ಸಾಹುಕಾರರು ಬಂದವರೇ ನನ್ನ ಕೆನ್ನೆ ಮೇಲೆ ಬೆರಳಿಟ್ಟು ನೋಡಿದರು. ಕಪ್ಪು.

“ಏನ್ರೀ ಮೇಸ್ತ್ರಿ! ಕದ್ದು ಇದ್ದಲು ಹಾಕ್ತಿದೀರಾ?”

“ಅಯ್ಯೋ ಇಲ್ಲ ಸಾರ್, ಇದು ಮೀಸೆ!”

ಬೆರಳು ಮೂಸಿದರು. “ಹರಳೆಣ್ಣೆ ವಾಸನೆ! ಇದ್ದಲಿಗೆ ಎಣ್ಣೆ ಬೇರೆ ಹಾಕ್ತೀರಾ?”

ಆವತ್ತೇ ಕಾನೂನು ಮಾಡಿದೆ: ಹೊಟ್ಟಿಗೆ ನೀರು ಚಿಮುಕಿಸದೆ ಯಾರೂ ಮುಟ್ಟಕೂಡದು. ಆ ಕಾನೂನೇ ಮುಂದೆ ನನ್ನ ಕುತ್ತಿಗೆಗೆ ಬಂತು.

೩. ತೊಗಟೆ

ನೀಲಗಿರಿ ತೊಗಟೆ ಮಾರುದ್ದ ಪಟ್ಟಿಗಳಾಗಿ ಬರುತ್ತದೆ. ಮೊದಲನೇ ಲೋಡು ಇಳಿಸುವಾಗ ನನ್ನ ಕಾಲಿಗೆ ಏನೋ ತಣ್ಣಗೆ ಸುತ್ತಿಕೊಂಡಿತು. ಕಣ್ಣು ಬಿಟ್ಟಾಗ ನಾನು ಲಾರಿಯ ಕ್ಯಾಬಿನ್ ಮೇಲಿದ್ದೆ. ಕೆಳಗಿಂದ ಫೈರ್‌ಮನ್, “ಪಾಮು ಕಾದನ್ನಾ, ತೊಗಟೆ!” ಅಂತ, ಅಂದರೆ ಹಾವಲ್ಲ ಅಂತ, ಕೂಗುತ್ತಿದ್ದ. ಹಣ್ಣು ಆರಿಸೋ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಮಾನದ ಪ್ರಶ್ನೆ. ಮಾರನೇ ದಿನ ಅವರೆದುರಿಗೇ ಗುಡ್ಡೆಯಿಂದ ಎಲ್ಲಕ್ಕಿಂತ ಉದ್ದದ ಪಟ್ಟಿ ಎಳೆದು, ಹಾರದ ಹಾಗೆ ಕೊರಳಿಗೆ ಹಾಕಿಕೊಂಡು, “ನೋಡ್ರಮ್ಮ, ನಾನು ಹೆದರೋನಾ?” ಅಂದೆ. ಈ ಸಲ ಯಾರೂ ನಗಲಿಲ್ಲ.

ಫೈರ್‌ಮನ್ ಮೆಲ್ಲಗೆ ಅಂದ, “ಅನ್ನಾ, ಇದಿ ಪಾಮೇ.”

ಅದು ಕೇರೆಹಾವು, ವಿಷ ಇರಲ್ಲ ಅಂತ ಆಮೇಲೆ ಹೇಳಿದರು. ಆಮೇಲೆ ಅಂದರೆ, ನಾನು ಮನೆ ಸೇರಿದ ಮೇಲೆ, ಫೋನಿನಲ್ಲಿ.

೪. ಮುನೇಶ್ವರ

ಸೀಸನ್ ಮುಗಿಯಲು ನಾಲ್ಕೇ ದಿನ. ನನ್ನ ಕಾನೂನಿನಂತೆ ದಿನಾ ನೀರು ಕುಡಿದಿದ್ದ ಹೊಟ್ಟಿನ ಮೇಲೆ ಹಿಂದಿನ ರಾತ್ರಿ ಮಳೆಯೂ ಬಂದಿತ್ತು. ಬೆಳಿಗ್ಗೆ ಬಂದರೆ ಹೊಟ್ಟಿನ ಗುಡ್ಡೆಯ ನೆತ್ತಿಯಿಂದ ಹೊಗೆ ಏಳುತ್ತಿದೆ. ಈ ಸಲ ತಮಾಷೆಯಲ್ಲ. ಒದ್ದೆ ಹೊಟ್ಟು ಗುಡ್ಡೆಯಾಗಿ ಬಿದ್ದಿದ್ದರೆ ಒಳಗೊಳಗೇ ಕಾಯುತ್ತದೆ; ಬಿಟ್ಟರೆ ಹೊತ್ತಿಕೊಳ್ಳುತ್ತದೆ. ಹತ್ತು ಹೆಜ್ಜೆ ಆಚೆಗೆ ಹಣ್ಣಿನ ಶೆಡ್ಡು, ಒಳಗೆ ಅಷ್ಟೂ ಹೆಂಗಸರು. ಗುಡ್ಡೆ ಕೆದರಿ ಹರಡಬೇಕು, ಈಗಲೇ.

“ಸಲಿಕೆ ತಗೊಳ್ರೋ!” ಅಂದೆ. ಹಮಾಲಿಗಳು ಕೈಕಟ್ಟಿ ನಿಂತರು.

“ಆಗಲ್ಲಣ್ಣ. ಮುನೇಶ್ವರ ಕೂತವ್ನೆ. ಚುಟ್ಟಾ ಸೇದ್ತಾವ್ನೆ, ಹೊಗೆ ಕಾಣಲ್ವಾ?”

ನೋಡಿದರೆ ಗುಡ್ಡೆಗೆ ಆಗಲೇ ಕುಂಕುಮ ಬಿದ್ದಿದೆ, ಮೂರು ನಿಂಬೆಹಣ್ಣು ಇಟ್ಟಾಗಿದೆ. ಒಬ್ಬ ಅಜ್ಜಿ ಹೊಟ್ಟಿನ ಮೇಲೇ ಕರ್ಪೂರ ಇಟ್ಟು ಬೆಂಕಿಕಡ್ಡಿ ಗೀರುತ್ತಿದ್ದಾಳೆ!

“ಅಜ್ಜೀ! ಹಚ್ಚಬೇಡ!” ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ಬಾಯಿಗೆ ಬಂದದ್ದು ಹೇಳಿದೆ: “ಸ್ವಾಮಿ ಮೊದಲೇ ಉರೀತಾವ್ನೆ, ಇನ್ನೂ ಬೆಂಕಿ ಹಚ್ತೀಯಾ? ತಂಪು ಮಾಡ್ಬೇಕು! ನೂರೊಂದು ಬಿಂದಿಗೆ ಅಭಿಷೇಕ!”

ಆಹಾ, ಏನು ಭಕ್ತಿ! ನೂರೊಂದಕ್ಕೆ ಯಾರೂ ನಿಲ್ಲಿಸಲಿಲ್ಲ. ತೊಟ್ಟಿ ತಳ ಕಾಣೋವರೆಗೂ ಹೊಯ್ದರು. ಹೊಗೆ ನಿಂತಿತು, ಸ್ವಾಮಿ ಎದ್ದು ಹೋದ ಅಂತ ಅಜ್ಜಿ ಕೈಮುಗಿದಳು, ಹಮಾಲಿಗಳು ಸಂತೋಷದಿಂದ ಗುಡ್ಡೆ ಹರಡಿದರು. ನಾನು ಮತ್ತೆ ಪೂರ್ತಿ ಬೆಳೆದಿದ್ದ ಮೀಸೆ ತಿರುವುತ್ತಾ ನಿಂತಿದ್ದೆ.

ಫೈರ್‌ಮನ್ ಕಿವಿಯಲ್ಲಿ ಕೇಳಿದ, “ಅಣ್ಣಾ, ಈಗ ಒಲೆಗೇನ್ ಹಾಕೋದು?”

ಹೊಟ್ಟು ಅಂಬಲಿಯಾಗಿತ್ತು. ತೊಗಟೆ ಲಾರಿ ಇನ್ನೂ ಮುಳಬಾಗಿಲು ಬಿಟ್ಟಿರಲಿಲ್ಲ. ಮುಳ್ಳು ಇಳಿಯುತ್ತಿತ್ತು. ಒಳಗೆ ತಿರುಳು ಅರೆಬೆಂದಿತ್ತು. ಅಷ್ಟರಲ್ಲಿ ಸಾಹುಕಾರರ ಫೋನು: “ನರಸಾಪುರದಲ್ಲಿ ಕಂಪನಿ ಬಸ್ಸುಗಳ ಹಿಂದೆ ಸಿಕ್ಕಾಕೊಂಡಿದೀನಿ. ಬರ್ತಿದೀನಿ.”

ಆ ಬಸ್ಸುಗಳಿಗೆ ನಾನು ಇವತ್ತಿಗೂ ಋಣಿ. ಪೆಟ್ಟಿಗೆ ಚೂರು ಹಾಕಿದೆವು. ಮುರಿದ ಪೆಟ್ಟಿಗೆ ಹಾಕಿದೆವು. ಮುರಿಯದ ಪೆಟ್ಟಿಗೆ ಮುರಿದು ಹಾಕಿದೆವು. ಏಣಿ ಹೋಯಿತು. ‘ಸುರಕ್ಷತೆಯೇ ಮೊದಲು’ ಅಂತ ಬರೆದ ಹಲಗೆಯೂ ಹೋಯಿತು. ಮುಳ್ಳು ಮತ್ತೆ ಕುಸಿಯಿತು. ಫೈರ್‌ಮನ್ನೂ ನಾನೂ ಒಟ್ಟಿಗೇ ಸಾಹುಕಾರರ ರೂಮಿನ ಕಡೆ ನೋಡಿದೆವು. ಅಲ್ಲಿ ಒಂದು ಮೇಜು, ಮೂರೂವರೆ ಕಾಲಿನ ಹಳೇ ಕುರ್ಚಿ ಒಂದು, ಬಂದವರು ಕೂರೋಕೆ ಒಂದು ಬೆಂಚು.

ತೇಗ ಅಂದರೆ ತೇಗ. ಮುಳ್ಳು ಎದ್ದು ನಿಂತಿತು.

ಸಾಹುಕಾರರು ಬಂದರು. ಮುಳ್ಳು ನೋಡಿದರು, ತಿರುಳು ರುಚಿ ನೋಡಿದರು, ಕಣ್ಣು ತುಂಬಿಕೊಂಡು ನನ್ನ ಎರಡೂ ಕೈ ಹಿಡಿದರು. “ಮೇಸ್ತ್ರಿ, ಇನ್ಮೇಲೆ ಈ ಫ್ಯಾಕ್ಟರಿಗೆ ಇದ್ದಲಿನ ಮಾತೇ ಇಲ್ಲ. ಮುಂದಿನ ಸೀಸನ್ನೂ ನಿಮ್ಮದೇ. ಬನ್ನಿ, ಒಳಗೆ ಕೂತ್ಕೊಂಡು ಮಾತಾಡೋಣ.”

ಒಳಗೆ ಹೋದರು. ಹಾಗೇ ಆಚೆ ಬಂದರು.

“ಮೇಸ್ತ್ರೀ, ಕುರ್ಚಿ ಎಲ್ರೀ?”

“ಸಾರ್, ಈಗ ತಾನೇ ರುಚಿ ನೋಡಿದ್ರಲ್ಲ.”

ಕೊಟ್ಟ ಮಾತಿಗೆ ಅವರು ತಪ್ಪಲಿಲ್ಲ. ಬಾಯ್ಲರ್ ಇವತ್ತಿಗೂ ಹೊಟ್ಟಿನಲ್ಲೇ ಓಡುತ್ತಿದೆ, ಕೆಲಸ ಇವತ್ತಿಗೂ ನನ್ನದೇ. ಅವರ ರೂಮಿನಲ್ಲಿ ಮಾತ್ರ ಈಗ ಎಲ್ಲ ಕಬ್ಬಿಣದ್ದು.

ಆಣೆ ಹಾಕಿದ್ದೇನೆ, ಆದ್ದರಿಂದ ಒಂದು ಸಣ್ಣ ವಿಷಯ ಒಪ್ಪಿಕೊಂಡುಬಿಡುತ್ತೇನೆ. ಮೂರೂವರೆ ಕಾಲಿನ ಹಳೇ ಕುರ್ಚಿ ಅಂದೆನಲ್ಲ, ಅದು ನಾನು ಕಟ್ಟಿದ ಕತೆ. ಕುರ್ಚಿ ಹೊಸದು. ನಾಲ್ಕೂ ಕಾಲು ಗಟ್ಟಿಯಾಗಿದ್ದವು.