ಬೇಳೆ ಡಬ್ಬಿಯ ಕೆಳಗಿನ ಕಥೆ

ಅಂದು ಬೆಳಿಗ್ಗೆ ಡಿಕಾಕ್ಷನ್ ಇಳಿಯುವಷ್ಟರಲ್ಲಿ ನಾನು ಎರಡು ಮಹತ್ವದ ನಿರ್ಣಯಗಳನ್ನು ಕೈಗೊಂಡಿದ್ದೆ. ಮಗಳು ಚಾರು ಇನ್ನು ಮುಂದೆ ಹೊಸ ಟ್ಯಾಬಿನಲ್ಲಿ ಕನ್ನಡ ಕಥೆ ಓದತಕ್ಕದ್ದು. ಅಡುಗೆಮನೆ ಷೆಲ್ಫಿನ ಹಳೇ ಪೇಪರುಗಳನ್ನು ಕಿತ್ತು ಪ್ಲಾಸ್ಟಿಕ್ ಷೀಟು ಹಾಸತಕ್ಕದ್ದು. ಆ ಪೇಪರುಗಳೆಲ್ಲ ಮೈಸೂರಿನಿಂದ ಅಮ್ಮ ಕಳಿಸುವ ಹುಳಿಪುಡಿ, ಹಪ್ಪಳಕ್ಕೆ ಸುತ್ತಿಕೊಂಡು ಚೆನ್ನೈಗೆ ಬಂದವು.

"ಚಾರು, ಕಥೆ ಓದು ಬಾ."

"ಬೋರ್ ಮಾ, ವೇಂಡಾಂ!"

"ಕನ್ನಡದಲ್ಲಿ ಕೇಳಿದ್ರೆ ತಮಿಳಲ್ಲಿ ಉತ್ತರ! ಇವಳು ಓದಿದ ಹಾಗೇ," ಎಂದು ನಕ್ಕು ನಮ್ಮವರು ಆಫೀಸಿಗೆಂದು ಮಣಲಿಯ ಬಸ್ಸಿಗೆ ಹೊರಟರು.

ಕಾನ್ವೆಂಟಿನಲ್ಲಿ ಕಲಿತ ಶಿಸ್ತು ನೋಡಿ, ಸ್ಕೇಲಿಟ್ಟು ಅಳೆದು ಷೀಟು ಹಾಸಿದೆ. ಪೇಪರುಗಳನ್ನೂ ಮಟ್ಟಸವಾಗಿ ಮಡಚಿಯೇ, ಮಹಡಿಯಿಳಿದು ಕೆಳಗಿನ ಕಸದ ಡಬ್ಬಿಗೆ ಹಾಕಿ ಬಂದೆ.

ಸಂಜೆ ಸ್ಕೂಲಿನಿಂದ ಬಂದ ಚಾರು ಬಿಸ್ಕತ್ತಿಗೆ ಷೆಲ್ಫು ತೆಗೆದವಳೇ ಕಿರುಚಿದಳು.

"ಅಮ್ಮಾ! ಕಥೆ ಎಲ್ಲಿ?"

"ಯಾವ ಕಥೆ ಪುಟ್ಟಾ?"

"ಬೇಳೆ ಡಬ್ಬಿ ಕೆಳಗಿತ್ತಲ್ಲಾ! ಅಜ್ಜಿ ಕಲಿಸಿದ ಅಕ್ಷರ ಕೂಡಿಸಿ ದಿನಾ ನಾಲ್ಕು ಸಾಲು ಓದ್ತಿದ್ದೆ. ಸರ ಕದ್ದಿದ್ದು ಯಾರು ಅಂತ ಇವತ್ತು ಗೊತ್ತಾಗ್ತಿತ್ತು!"

ನಾನು ದಂಗಾದೆ. ಇಷ್ಟನ್ನೂ ಅವಳು ಹೇಳಿದ್ದು ಕನ್ನಡದಲ್ಲಿ!

"ಅಳಬೇಡ, ಟ್ಯಾಬಲ್ಲಿ ಹುಡುಕೋಣ," ಎಂದು ಅದರ ಮೈಕಿಗೆ ಬಾಯಿಟ್ಟು, "ಸರ ಕದ್ದಿದ್ದು ಯಾರು?" ಎಂದೆ. ಅದು ಹತ್ತಿರದ ಪೊಲೀಸ್ ಠಾಣೆಗೆ ದಾರಿ ತೋರಿಸಿತು!

ಟ್ಯಾಬನ್ನು ಕಂಕುಳಲ್ಲಿ ಇರುಕಿಕೊಂಡೇ ಇಬ್ಬರೂ ಕೆಳಗೆ ಓಡಿದೆವು. ಪೇಪರಿಲ್ಲ. ತಳದಲ್ಲಿರಬಹುದೆಂದು ಕಸದ ಡಬ್ಬಿಗೆ ತಲೆ ತೂರಿಸಿದೆ. ವಾಕಿಂಗ್ ಹೊರಟಿದ್ದ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಕೆಮ್ಮಿದರು. ಒಳಗಿನಿಂದಲೇ "ಗುಡ್ ಈವನಿಂಗ್ ಸರ್" ಎಂದೆ. ಶಿಸ್ತು ಶಿಸ್ತೇ! ತಲೆಯೆತ್ತಿದಾಗ ಕಿವಿಯ ಮೇಲೆ ನುಗ್ಗೆಕಾಯಿ ಸಿಪ್ಪೆ ಇತ್ತು, ಪಕ್ಕದಲ್ಲಿ ಚಾರು ಇರಲಿಲ್ಲ.

ಗ್ರೌಂಡ್ ಫ್ಲೋರಿನ ಕಮಲಾ ಮಾಮಿ ಕಿಟಕಿಯಿಂದ ಅವಳನ್ನು ಕರೆದಿದ್ದರಂತೆ. ಮೂರು ತಲೆಮಾರಿನಿಂದ ಚೆನ್ನೈಯಲ್ಲೇ ಇರುವ ಕನ್ನಡ ಮನೆ ಅವರದು. ಮಾತು ಬರುತ್ತದೆ, ಓದು ಬರುವುದಿಲ್ಲ. ಒಳಗೆ ಹೋಗಿ ನೋಡಿದರೆ, ಮಟ್ಟಸವಾಗಿವೆಯೆಂದು ಮಾಮಿ ಕಸದ ಡಬ್ಬಿಯಿಂದ ಎತ್ತಿ ತಂದಿದ್ದ ನನ್ನ ಪೇಪರುಗಳು ಅವರ ಷೆಲ್ಫಿನಲ್ಲಿ ಹಾಯಾಗಿ ಮಲಗಿದ್ದವು. ಚಾರು ಉಪ್ಪಿನ ಜಾಡಿ ಸರಿಸಿ, ಸಾಲಿನ ಮೇಲೆ ಬೆರಳಿಟ್ಟು, ತಡವರಿಸುತ್ತ ಜೋರಾಗಿ ಓದುತ್ತಿದ್ದಳು. ಮಾಮಿ ಒಲೆ ಆರಿಸಿಕೊಂಡು ಕೇಳುತ್ತಿದ್ದರು.

"ಸಾರಿ ಮಾಮಿ, ಆ ಪೇಪರು ವಾಪಸ್ಸು..."

"ಶ್! ಸುಮ್ನೆ ಇರಮ್ಮಾ. ಕಳ್ಳ ಯಾರೂಂತ ನಂಗೂ ತೆರಿಯಬೇಕಲ್ಲ!" ಎಂದ ಮಾಮಿ ನನ್ನ ಕಂಕುಳಲ್ಲಿದ್ದ ಟ್ಯಾಬಿನತ್ತ ಒಮ್ಮೆ ನೋಡಿದರು. "ಆ ಪಲಗೆ ನೈಸಾಗಿದೆ. ಓದೋಕೆ ಬೇಡಾಂದ್ರೆ ಕೊಡು, ಎಣ್ಣೆ ಡಬ್ಬಿ ಕೆಳಗೆ ಹಾಕ್ತೀನಿ."