ಗಡ್ಡ ಬೋಳಿಸಿಕೊಂಡ ಸೊಸೆ

ಗುಟ್ಟಾಗಿ ಸಿಗರೇಟು ಸೇದುವವನಿಗೆ ಒಂದು ಏಲಕ್ಕಿ ಸಾಕು, ಗುಟ್ಟಾಗಿ ಕುಡಿಯುವವನಿಗೆ ಒಂದು ಬೀಡಾ ಸಾಕು. ಗುಟ್ಟಾಗಿ ಪುಸ್ತಕ ಓದುವವನ ಗತಿ ಹಾಗಲ್ಲ. ಅವನಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಅದರಲ್ಲೂ ಅವು ಇಬ್ಬರು ಹುಡುಗರು ಒಬ್ಬರನ್ನೊಬ್ಬರು ಪ್ರೀತಿಸುವ ಜಪಾನಿ ಚಿತ್ರಕಥೆಗಳಾಗಿದ್ದು, ಓದುವವನು ಹೈದರಾಬಾದಿನ ಮಿಯಾಪುರದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅಪ್ಪ-ಅವ್ವನ ಜೊತೆಗಿರುವ, ಸನತ್‌ನಗರದ ವಾಲ್ವ್ ಕಾರ್ಖಾನೆಯ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದು, ವಯಸ್ಸು ಮೂವತ್ತೆಂಟಾಗಿ ಲಗ್ನವಾಗದೆ ಉಳಿದಿದ್ದರೆ ಕೇಳುವುದೇ ಬೇಡ.

ಇವಕ್ಕೆ ಬಾಯ್ಸ್ ಲವ್ ಮಾಂಗಾ ಅನ್ನುತ್ತಾರೆ. ನಾನು ಓದುವುದು ಇಂಗ್ಲಿಷ್ ಅನುವಾದದಲ್ಲಿ. ನನಗೆ ಎಲ್ಲಕ್ಕಿಂತ ಪ್ರೀತಿಯದು ಒಂಬತ್ತು ಭಾಗದ ಒಂದು ಕಥೆ. ಸಣ್ಣ ಸ್ಟೇಷನ್ನಿನ ಟಿಕೆಟ್ ಕಲೆಕ್ಟರ್, ಮತ್ತು ಎದುರಿನ ಖಾನಾವಳಿಯ ಅಡುಗೆಯವನು. ಅಡುಗೆಯವನಿಗೆ ಸೊಂಟದವರೆಗೆ ಕೂದಲು, ಟಿಕೆಟ್ ಕಲೆಕ್ಟರನಿಗೆ ಬಾಯಲ್ಲಿ ಮಾತಿಲ್ಲ. ಅವರು ಒಬ್ಬರ ಕೈ ಒಬ್ಬರು ಹಿಡಿಯುವ ಹೊತ್ತಿಗೆ ಐದನೇ ಪುಸ್ತಕ ಮುಗಿದಿರುತ್ತದೆ. ನಮ್ಮ ಕಾರ್ಖಾನೆಯ ಟೆಂಡರೂ ಇದಕ್ಕಿಂತ ಬೇಗ ಪಾಸಾಗುತ್ತದೆ.

ಆದರೂ ನನಗೆ ಅದು ಪ್ರಾಣ. ಯಾಕೆಂದರೆ ನಾನೂ ಅವರಂಥವನೇ. ಹುಡುಗಿಯರ ಮೇಲೆ ನನಗೆ ಎಂದೂ ಮನಸ್ಸಾಗಿಲ್ಲ. ನಾನು ನೋಡಿ ಬೆಳೆದ ಸಿನಿಮಾಗಳಲ್ಲಿ ನನ್ನಂಥವನು ಬಂದರೆ ಸೊಂಟ ಕುಣಿಸಿ ನಗಿಸಬೇಕು, ಇಲ್ಲವೇ ಕೊನೆಗೆ ಸಾಯಬೇಕು. ಈ ಪುಸ್ತಕದಲ್ಲಿ ಇಬ್ಬರೂ ಸಾಯುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಜಗಳವಾಡುತ್ತಾರೆ, ಬಟ್ಟೆ ಒಣಹಾಕುತ್ತಾರೆ, ಮುದುಕರಾದ ಮೇಲೆ ಎಲ್ಲಿರೋಣ ಎಂದು ಮಾತಾಡಿಕೊಳ್ಳುತ್ತಾರೆ. ಮೊದಲ ಸಲ ಓದಿದಾಗ ಮಿಯಾಪುರದ ಮೆಟ್ರೋದಲ್ಲಿ ನಿಂತಲ್ಲೇ ಅತ್ತುಬಿಟ್ಟೆ. ಮನೆಯಲ್ಲಿ ಯಾರೋ ತೀರಿಹೋಗಿರಬೇಕೆಂದು ಒಬ್ಬರು ಎದ್ದು ಸೀಟು ಕೊಟ್ಟರು. ನಾನು ಇಂಥವನೆಂದು ಅಪ್ಪ-ಅವ್ವನಿಗೆ ಹೇಳಿ ಲಗ್ನದ ಮಾತು ನಿಲ್ಲಿಸಬೇಕೆಂದು ಹತ್ತು ವರ್ಷದಿಂದ ಬಾಯಿ ತೆರೆಯುತ್ತಿದ್ದೆ, ಆಕಳಿಸಿ ಮುಚ್ಚುತ್ತಿದ್ದೆ.

ಕೆಂಪು ಚೀಟಿ

ಮನೆಗೆ ಬಂದ ಪಾರ್ಸಲನ್ನು ಅವ್ವ ಬಿಚ್ಚದೆ ಬಿಡುವವಳಲ್ಲ. ಹಾಗಾಗಿ ಪುಸ್ತಕಗಳನ್ನು ಕಾರ್ಖಾನೆಗೆ ತರಿಸುತ್ತಿದ್ದೆ. ಅಲ್ಲಿನ ಸ್ಟೋರ್ ಕೀಪರ್ ನಿಯಮದ ಮನುಷ್ಯ. ಗೇಟಿನೊಳಗೆ ಬಂದದ್ದು ಬೋಲ್ಟಾಗಲಿ ಬಿರಿಯಾನಿಯಾಗಲಿ, ಬಿಚ್ಚಿ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ನಾನು ರಜೆಯಲ್ಲಿದ್ದ ದಿನ ಎರಡನೇ ಭಾಗ ಬಂತು. ಬಿಚ್ಚಿದ, ನೋಡಿದ, ಕೆಂಪು ಚೀಟಿ ಅಂಟಿಸಿದ.

"ಸರ್, ಮಾಲ್ ಪೂರಾ ಉಲ್ಟಾ ಹೈ," ಅಂದ ಮಾರನೆಯ ದಿನ.

ಜಪಾನಿ ಪುಸ್ತಕವನ್ನು ಬಲದಿಂದ ಎಡಕ್ಕೆ ಓದಬೇಕು. ಬೈಂಡಿಂಗ್ ಬಲಗಡೆಗೆ ಇರುತ್ತದೆ. ಅವನ ಲೆಕ್ಕದಲ್ಲಿ ಅದು ತಯಾರಿಕೆಯ ದೋಷ. ಚೀಟಿಯಲ್ಲಿ ಎರಡು ಕಾರಣ ಬರೆದಿದ್ದ. ಒಂದು, ಬೈಂಡಿಂಗ್ ತಪ್ಪು ಬದಿಗೆ. ಎರಡು, ಮುಖಪುಟದಲ್ಲಿ ಇಬ್ಬರು ಗಂಡಸರ ನಡುವಿನ ಗ್ಯಾಪ್ ಇರಬೇಕಾದದ್ದಕ್ಕಿಂತ ಕಡಿಮೆ.

ಕೆಂಪು ಚೀಟಿ ಬಿದ್ದ ಮಾಲಿನ ಕೊನೆಯ ತೀರ್ಮಾನ ಕ್ವಾಲಿಟಿ ಇನ್‌ಸ್ಪೆಕ್ಟರನದು, ಅಂದರೆ ನನ್ನದೇ. ಅವನು ಪೆನ್ನು ಚಾಚಿ ನಿಂತ. ಡ್ರಾಯಿಂಗಿನಲ್ಲಿ ಕೊಟ್ಟ ಅಳತೆ ಸ್ವಲ್ಪ ತಪ್ಪಿದರೂ ಕೆಲಸಕ್ಕೆ ಬರುವ ವಾಲ್ವಿಗೆ ನಾವು ಬರೆಯುವ ಒಂದು ಒಕ್ಕಣೆಯಿದೆ. ಅದನ್ನೇ ಬರೆದು ಸಹಿ ಹಾಕಿದೆ: "ವ್ಯತ್ಯಾಸವಿದೆ. ಬಳಕೆಗೆ ತೊಂದರೆಯಿಲ್ಲ. ಇದ್ದ ಹಾಗೆಯೇ ಸ್ವೀಕರಿಸಲಾಗಿದೆ." ಬರೆದು ಮುಗಿಸಿ ಅದನ್ನೇ ಇನ್ನೊಮ್ಮೆ ಓದಿದೆ. ಯಾರಾದರೂ ನನ್ನ ಹಣೆಗೂ ಇದನ್ನು ಅಂಟಿಸಬಾರದೇ ಅನ್ನಿಸಿತು.

ಸ್ಟೋರ್ ಕೀಪರ್ ಕೆಂಪು ಕಿತ್ತು ಹಸಿರು ಅಂಟಿಸಿದ. "ಐಸಾ ಮಾಲ್ ಔರ್ ಆಯೇಗಾ ಕ್ಯಾ, ಸರ್?"

"ಇನ್ನೂ ಏಳು ಬರ್ತಾವೆ," ಎಂದೆ.

"ತೋ ಫಿರ್ ಡ್ರಾಯಿಂಗೇ ಬದಲ್ ದೋ, ಸರ್!"

ಉರ್ದು ಮೀಡಿಯಂ

ಮನೆಯಲ್ಲಿ ಪುಸ್ತಕಗಳು ಇರುತ್ತಿದ್ದದ್ದು ಹಾಸಿಗೆಯ ಪೆಟ್ಟಿಗೆಯ ತಳದಲ್ಲಿ. ಚಳಿ ಬಂತು, ಅಪ್ಪ ಕೌದಿ ಹುಡುಕಿದರು, ಕೌದಿಯ ಜೊತೆಗೆ ಮೊದಲ ಭಾಗವೂ ಸಿಕ್ಕಿತು. ನಾನು ಕೆಲಸದಿಂದ ಬಂದಾಗ ಕೌದಿ ಹೊದ್ದು ಸೋಫಾದ ಮೇಲೆ ಕೂತು ಅದನ್ನೇ ನೋಡುತ್ತಿದ್ದರು. ನಾನು ಚಪ್ಪಲಿ ಕಾಲಲ್ಲೇ ಒಳಗೆ ಬಂದುಬಿಟ್ಟೆ.

ಬೇರೆ ಯಾರಾಗಿದ್ದರೂ ತಿರುಗುಮುರುಗಾಗಿ ಹಿಡಿದು, ಏನೂ ತಿಳಿಯದೆ ಬದಿಗಿಡುತ್ತಿದ್ದರು. ಆದರೆ ನಮ್ಮ ಅಪ್ಪ ಲಿಂಗಸೂಗೂರಿನ ಕಡೆಯವರು, ಎಂಬತ್ತು ದಾಟಿದವರು. ಅವರು ಹುಟ್ಟಿದಾಗ ಅದೆಲ್ಲ ಹೈದರಾಬಾದ್ ಸಂಸ್ಥಾನ. ನಿಜಾಮರು ಹೋದ ಮೇಲೂ ಶಾಲೆಯ ಉರ್ದು ಮಾಸ್ತರರು ಹೋಗಿರಲಿಲ್ಲ. ಬಲದಿಂದ ಎಡಕ್ಕೆ ಓದುವುದು ಅಪ್ಪನಿಗೆ ಚಿಕ್ಕಂದಿನ ರೂಢಿ. ಒಂದೊಂದು ಚಿತ್ರವನ್ನೂ ಸರಿಯಾದ ಕ್ರಮದಲ್ಲೇ ನೋಡಿಕೊಂಡು ಅರ್ಧ ಪುಸ್ತಕ ದಾಟಿದ್ದರು.

"ಯಾರೋ ತಿಳದವರು ಮಾಡ್ಯಾರ ನೋಡು," ಅಂದರು. "ನಿಮ್ಮ ಉಳಿದ ಪುಸ್ತಕ ಎಲ್ಲಾ ಉಲ್ಟಾ ಇರತಾವ. ಆದ್ರ ನನಗ ಇಂಗ್ಲಿಷ್ ಬರಂಗಿಲ್ಲ, ಓದಿ ಹೇಳು. ಈ ಟೇಸನ್ ಮನಷ್ಯಾ ದಿನಾ ಬರತಾನ, ಉಣತಾನ, ಹೋಗತಾನ. ಇವನ ಬಾಯಿಗೇನಾಗೈತಿ?"

ಅಷ್ಟರಲ್ಲಿ ಅವ್ವ ಮೆಂತ್ಯದ ಸೊಪ್ಪಿನ ಬುಟ್ಟಿ ಹಿಡಿದು ಬಂದು ಪಕ್ಕದಲ್ಲಿ ಕೂತಳು. "ಈ ಉದ್ದ ಕೂದಲಿನಾಕಿ ಯಾರು?" ಎಂದು ಕೇಳಿದಳು.

ಆಕೆಯಲ್ಲ ಅವ್ವಾ, ಅವನು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಬಿದ್ದದ್ದು ಮಾತ್ರ, "ಖಾನಾವಳಿ ಹುಡುಗಿ."

ಅಲ್ಲಿಂದ ನಾಲ್ಕು ತಿಂಗಳು ದಿನಾ ಸಂಜೆ ಚಹಾದ ಹೊತ್ತಿಗೆ ಪಾರಾಯಣ. ಇಂಗ್ಲಿಷಿನಿಂದ ಕನ್ನಡಕ್ಕೂ ಗಂಡಸಿನಿಂದ ಹೆಂಗಸಿಗೂ ಒಟ್ಟಿಗೇ ಅನುವಾದ ಮಾಡುವುದು ತಮಾಷೆಯಲ್ಲ. ಒಂದು ಸಂಜೆ ಸುಸ್ತಾಗಿ ಟಿಕೆಟ್ ಕಲೆಕ್ಟರನನ್ನೂ ಹೆಂಗಸು ಮಾಡಿಬಿಟ್ಟೆ. ಅವ್ವ ಗಾಬರಿಯಾಗಿ ಕೇಳಿದಳು: "ಅಯ್ಯ, ನಿನ್ನಿ ಚಲೋ ಇದ್ನಲ್ಲೋ, ಇವಂಗೇನಾತು?"

ಕಪ್ಪು-ಬಿಳುಪು ಫೋಟೋ

ನನ್ನ ಸುಳ್ಳು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಅವ್ವನಿಗೆ ಆ ಖಾನಾವಳಿ ಹುಡುಗಿ ಮನಸ್ಸಿಗೆ ಬಂದುಬಿಟ್ಟಳು.

"ಎಂಥಾ ಹುಡುಗಿ ನೋಡು! ಎದ್ದ ಕೂಡಲೆ ಕೆಲಸ, ಎದುರು ಮಾತಿಲ್ಲ. ಎತ್ತರ ಬ್ಯಾರೆ ಅದಾಳ, ಅಡಿಗಿಮನಿ ಮ್ಯಾಲಿನ ಡಬ್ಬಿ ಎಲ್ಲಾ ಕೈಗೆ ಸಿಗತಾವ. ನಿನಗ ಇಂಥಾಕಿನ್ನ ಹುಡುಕತೀನಿ."

ಹುಡುಕುತ್ತೇನೆ ಅಂದವಳು ಸುಮ್ಮನಿರಲಿಲ್ಲ. ಎರಡನೇ ಭಾಗದಲ್ಲಿ ಅಡುಗೆಯವನು ಬಾಗಿಲಿಗೆ ಒರಗಿ ನಗುವ ಪುಟವೊಂದಿದೆ. ಅದರ ಫೋಟೋ ತೆಗೆದು, ನಮ್ಮ ಕಡೆಯವರಿಗೆಲ್ಲ ಸಂಬಂಧ ಕುದುರಿಸುವ ಕಾಕಾಗೆ ವಾಟ್ಸಾಪಿನಲ್ಲಿ ಕಳಿಸಿಬಿಟ್ಟಳು. ಕೆಳಗೆ, ಹುಡುಗನ ಕಡೆಯವರಿಗೆ ಇಂಥ ಹುಡುಗಿ ಬೇಕು ಎಂಬ ಒಕ್ಕಣೆ.

ಹತ್ತು ನಿಮಿಷಕ್ಕೆ ಕಾಕಾನ ಫೋನು ಬಂತು. ಅವ್ವ ಸ್ಪೀಕರ್ ಹಾಕಿದಳು.

"ಅಕ್ಕಾರ, ಹುಡುಗಿ ಭಾಳ ಲಕ್ಷಣ ಅದಾಳ್ರಿ. ಆದ್ರ ಕಪ್ಪು-ಬಿಳಿ ಫೋಟೋ ಯಾಕ ಕಳಿಸೀರಿ?" ಕಾಕಾ ದನಿ ತಗ್ಗಿಸಿದ. "ತೀರಿಕೊಂಡಾಳೇನ್ರಿ?"

ನಾಲ್ಕನೇ ಭಾಗ

ಕಾಕಾ ಹುಡುಗಿ ಹುಡುಕುತ್ತಿದ್ದ. ಇತ್ತ ನಮ್ಮ ಪಾರಾಯಣ ನಾಲ್ಕನೇ ಭಾಗಕ್ಕೆ ಬಂತು. ಆ ಭಾಗದ ಮೂರನೇ ಅಧ್ಯಾಯ ನನಗೆ ನೆನಪಿರಲಿಲ್ಲ. ಪುಟ ತಿರುವಿದರೆ ಅಡುಗೆಯವನು ಬನಿಯನ್ನಿನಲ್ಲಿ ಕನ್ನಡಿಯ ಮುಂದೆ ನಿಂತಿದ್ದಾನೆ. ಕೆನ್ನೆ ತುಂಬ ಸೋಪಿನ ನೊರೆ, ಕೈಯಲ್ಲಿ ರೇಜರು.

ಅಪ್ಪ ಕನ್ನಡಕ ಸರಿಮಾಡಿಕೊಂಡರು. "ಏ ತಮ್ಮಾ, ಈಕಿ ಗಡ್ಡ ಬೋಳಿಸಾಕತ್ತಾಳಲ್ಲೋ."

"ಗಡ್ಡ ಅಲ್ಲ ಅಪ್ಪಾ," ಅಂದೆ. "ಜಪಾನದಾಗ ಹಂಗ. ಮಾರಿ ನುಣ್ಣಗ ಆಗಲಿ ಅಂತ ಹೆಣ್ಣಮಕ್ಕಳು ರೇಜರ್ ಆಡಿಸತಾರ."

ಅಪ್ಪ ನನ್ನ ಮುಖವನ್ನೊಮ್ಮೆ, ಪುಟವನ್ನೊಮ್ಮೆ ನೋಡಿ ಚಹಾ ಕುಡಿದರು. ಅವ್ವ ಮಾತ್ರ ಸೊಸೆಯನ್ನು ಬಿಟ್ಟುಕೊಡಲಿಲ್ಲ. "ಅದರಾಗೇನೈತ್ರಿ? ಕೆಳಗಿನ ಫ್ಲೋರಿನಾಕಿ ಪಾರ್ಲರಿನ್ಯಾಗ ರೊಕ್ಕ ಕೊಟ್ಟು ಮೀಸಿ ತಗಸ್ಕೊಂಡು ಬರತಾಳ. ನನ್ನ ಸೊಸಿ ಮನ್ಯಾಗ ಮಾಡ್ಕೋತಾಳ!"

ಬಾಲ್ಕನಿ

ಕೊನೆಗೆ ಕಾಕಾ ಗಚ್ಚಿಬೌಲಿಯಲ್ಲೊಂದು ಹುಡುಗಿ ಹಿಡಿದ. ಅವರೂ ರಾಯಚೂರಿನ ಕಡೆಯವರೇ. ಹುಡುಗಿ ಎತ್ತರ, ಕೂದಲು ಉದ್ದ. ಹೋದೆವು, ಉಪ್ಪಿಟ್ಟು ತಿಂದೆವು. ಮಾತಾಡಿಕೊಳ್ಳಿ ಎಂದು ನಮ್ಮಿಬ್ಬರನ್ನು ಬಾಲ್ಕನಿಗೆ ಕಳಿಸಿ ಗಾಜಿನ ಬಾಗಿಲು ಎಳೆದರು.

ಹುಡುಗಿ ನೇರ ವಿಷಯಕ್ಕೆ ಬಂದಳು. "ಕಾಕಾ ನಮ್ಮಪ್ಪಗ ಒಂದು ಫೋಟೋ ಕಳಿಸಿದ್ರು, ನಿಮಗ ಇಂಥಾ ಹುಡುಗಿ ಬೇಕು ಅಂತ. ಆ ಪುಸ್ತಕ ನಾನೂ ಓದೀನ್ರಿ. ಅಂವ ಗಂಡಸು."

ನನಗೆ ಬಾಲ್ಕನಿಯಿಂದ ಕೆಳಗೆ ಹಾರಬೇಕು ಅನ್ನಿಸಿತು. ಹನ್ನೊಂದನೇ ಮಹಡಿ ಎಂದು ನೆನಪಾಗಿ ಸುಮ್ಮನಾದೆ. "ಯಾರಿಗೂ ಹೇಳಬ್ಯಾಡ್ರಿ," ಎಂದೆ.

"ನಾ ಯಾಕ ಹೇಳಲ್ರಿ? ಅದು ನೀವು ಹೇಳೋ ಮಾತು." ಅವಳು ಕುರ್ಚಿ ಹತ್ತಿರ ಎಳೆದುಕೊಂಡಳು. "ಅದಿರಲಿ. ನಿಮಗ ಅಡಿಗಿಯವ ಇಷ್ಟೋ, ಟಿಕೆಟ್ ಕಲೆಕ್ಟರೋ?"

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ! ಟಿಕೆಟ್ ಕಲೆಕ್ಟರ್ ಎಂದೆ. ಅವಳಿಗೆ ಸಿಟ್ಟು ಬಂತು. "ಆ ಮೂಗಬಸವನಾ? ಐದು ಪುಸ್ತಕ ಹಿಡೀತ್ರಿ ಅವಂಗ ಒಂದು ಮಾತಾಡಾಕ!" ನಾನು ಬಿಡುತ್ತೇನೆಯೇ? ಮಾತಾಡುವುದು ಎಷ್ಟು ಕಷ್ಟ ಅಂತ ನಿಮಗೇನು ಗೊತ್ತು ಎಂದು ಎಗರಿದೆ. ಒಂದೂವರೆ ತಾಸು ಜಗಳ. ನಡುನಡುವೆ ಹೊಟ್ಟೆ ಹಿಡಿದುಕೊಂಡು ನಕ್ಕೆವು ಕೂಡ. ಅಷ್ಟು ಹಗುರಾಗಿ ನಾನು ಯಾರ ಜೊತೆಗೂ ಕೂತಿರಲಿಲ್ಲ.

ಬಾಗಿಲು ತೆರೆದು ಒಳಗೆ ಬಂದರೆ ಎಲ್ಲರ ಬಾಯಲ್ಲೂ ಪೇಢಾ. ಅವ್ವನೂ ಹುಡುಗಿಯ ತಾಯಿಯೂ ಬೀಗಿತ್ತಿಯರಾಗಿ ಅಪ್ಪಿಕೊಂಡು ಕೂತಿದ್ದರು. ಹುಡುಗಿಯ ತಾಯಿ ನನ್ನ ಕೈಗೂ ಒಂದು ಪೇಢಾ ಇಟ್ಟು ಹೇಳಿದರು: "ಇಷ್ಟು ಜಗಳ ಈಗಲೇ ಆಗೈತಿ ಅಂದ ಮ್ಯಾಲೆ ಇನ್ನೇನೈತ್ರಿ? ಅಕ್ಕಿಕಾಳು ಹಾಕೂದೊಂದೇ ಬಾಕಿ!"

ಇದ್ದದ್ದು ಇದ್ದಂಗ

ವಾಪಸು ಬರುವಾಗ ಗಚ್ಚಿಬೌಲಿಯ ಟ್ರಾಫಿಕ್ಕಿನಲ್ಲಿ ಕ್ಯಾಬು ಸಿಕ್ಕಿಕೊಂಡಿತು. ಹಿಂದಿನ ಸೀಟಿನಲ್ಲಿ ನಾವು ಮೂವರು, ನಡುವೆ ನಾನು. ಅವ್ವ ಶ್ರಾವಣದಲ್ಲಿ ಲಗ್ನ ಎಂದು ಆಗಲೇ ನಿಶ್ಚಯಿಸಿದ್ದಳು. ಇನ್ನು ಸುಮ್ಮನಿದ್ದರೆ ಆ ಹುಡುಗಿಗೂ ಮೋಸ, ನನಗೂ ಮೋಸ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಪುಸ್ತಕದಿಂದಲೇ ಶುರುಮಾಡಿದೆ.

"ಅವ್ವಾ, ಆ ಖಾನಾವಳಿ ಹುಡುಗಿ ಹುಡುಗಿ ಅಲ್ಲ. ಗಂಡಸು."

ಅವ್ವ ನನ್ನನ್ನೇ ನೋಡಿದಳು. "ಯಾವಾಗಿಂದ?"

"ಮೊದಲಿಂದ," ಎಂದೆ. "ನಾನೂ ಮೊದಲಿಂದ ಹಂಗ ಅವ್ವಾ, ಆ ಟೇಸನ್ ಮನಷ್ಯಾನಂಗ. ನನಗ ಹುಡುಗಿ ಬ್ಯಾಡ. ಎಂದೂ ಬ್ಯಾಡ."

ಸಿಗ್ನಲ್ ಹಸಿರಾಗಿ ಮತ್ತೆ ಕೆಂಪಾಯಿತು. ಅಪ್ಪ ಕಿಟಕಿಯ ಕಡೆ ನೋಡುತ್ತಲೇ ಮಾತಾಡಿದರು. "ನನಗ ನಾಲ್ಕನೇ ಪುಸ್ತಕದಾಗ ಗೊತ್ತಾತು. ಅವಂದೂ, ಇವಂದೂ. ಆ ಅಡಿಗಿಯವ ನಕ್ಕಾಗೆಲ್ಲಾ ಇವನ ದನಿ ಬದಲಾಗತಿತ್ತು."

"ಮತ್ತ ನನಗ ಯಾಕ ಹೇಳಲಿಲ್ರಿ?" ಅವ್ವ ಚೀರಿದಳು.

"ಹೇಳಿದ್ರ ಇಂವ ಓದೂದು ನಿಂದ್ರಸತಿದ್ದ. ನನಗೇನು ಇಂಗ್ಲಿಷ್ ಬರತೈತಿ?"

ಗಚ್ಚಿಬೌಲಿಯ ಹುಡುಗಿ ತನ್ನ ಮನೆಯಲ್ಲಿ ತಾನೇ ಬೇಡವೆಂದಳು. ನಮ್ಮಿಬ್ಬರ ಅಭಿರುಚಿ ಕೂಡುವುದಿಲ್ಲ ಎಂದು ಕಾರಣ ಕೊಟ್ಟು, ನನ್ನಿಂದ ಮೂರು ಪುಸ್ತಕ ಎರವಲು ಒಯ್ದಳು. ಅವ್ವ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ತಾಟಿಗೆ ಬಡಿಸುತ್ತಿದ್ದಳು, ಮುಖ ತಿರುಗಿಸಿ ಹೋಗುತ್ತಿದ್ದಳು. ಅಡುಗೆಮನೆಯಲ್ಲಿ ಅಳುವುದು ಕೇಳಿಸುತ್ತಿತ್ತು. ಹೇಳಬಾರದಿತ್ತೇನೋ ಎಂದು ನಾನೂ ಅತ್ತೆ.

ನಾಲ್ಕನೇ ದಿನ ಸಂಜೆ ಮೊದಲ ಭಾಗವನ್ನು ತಂದು ನನ್ನ ತೊಡೆಯ ಮೇಲೆ ಕುಕ್ಕಿದಳು.

"ಹಡೆದ ತಾಯಿಗೆ ನಾಲ್ಕು ತಿಂಗಳು ಸುಳ್ಳು ಕಥಿ ಓದಿದಿ. ನಾಚಿಕಿ ಆಗಲಿಲ್ಲೇನು? ಮೊದಲಿಂದ ಓದು. ಇದ್ದದ್ದು ಇದ್ದಂಗ ಓದು."

ಓದಿದೆ. ಅವನು ಬಾಗಿಲು ತೆರೆದ. ಅವನು ನಕ್ಕ. ಅವನಿಗೆ ಇವನು ಇಷ್ಟವಾದ. ಅಪ್ಪ ಪುಟ ತಿರುವಿಕೊಟ್ಟರು. ಅರ್ಧಕ್ಕೆ ಬಂದಾಗ ಅವ್ವ ಕೈ ಎತ್ತಿ ನಿಲ್ಲಿಸಿದಳು.

"ಈ ಟೇಸನ್ ಮನಷ್ಯಾನ ಅವ್ವಗ ಗೊತ್ತಾತೇನು?"

"ಆರನೇ ಪುಸ್ತಕದಾಗ ಗೊತ್ತಾಗತೈತಿ."

"ಏನಂದ್ಲು?"

"ಅಳತಾಳ. ಆಮ್ಯಾಲೆ, ಉಂಡೀಯೇನು ಅಂತ ಕೇಳತಾಳ."

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಮತ್ತೇನು ಕೇಳಬೇಕು, ಪಾಪ," ಅಂದಳು. ಆಮೇಲೆ ಸ್ವಲ್ಪ ಹೊತ್ತು ಪುಸ್ತಕದಲ್ಲಿದ್ದ ಅಡುಗೆಯವನನ್ನೇ ದುರುಗುಟ್ಟಿ ನೋಡಿದಳು.

"ಇಂವ ಮುಂಜಾನಿಂದ ಸಂಜೀತನ ಬರೇ ಅನ್ನ, ಮೀನು. ನಮ್ಮ ಮನ್ಯಾಗ ಅದು ನಡಿಯಂಗಿಲ್ಲ. ನೀ ಯಾರನ್ನ ಕರಕೊಂಡು ಬರತೀಯೋ ಬಾ, ಆದ್ರ ಜ್ವಾಳದ ರೊಟ್ಟಿ ಬಡಿಯಾಕ ಬರತೈತೇನು ಅಂತ ಮೊದಲ ಕೇಳು."

"ನನಗ ಬರಂಗಿಲ್ಲಲ್ಲ, ಅವ್ವಾ?"

"ಅದಕ್ಕ ಹೇಳಾಕತ್ತೀನಿ! ಮನ್ಯಾಗ ಇಬ್ಬರೂ ಗಂಡಸರಾದ್ರ, ಒಬ್ಬಂಗರ ಬರಬೇಕಲ್ಲೋ!"